ಟೈಪಿಸ್ಟ್ ಅತ್ತೆಯ ‘ದಿ.’

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಅರವತ್ತೆಂಟು ವರ್ಷದ ಹೆಂಗಸೊಬ್ಬರು ಸಾರ್ವಜನಿಕ ಗ್ರಂಥಾಲಯದ ಕೌಂಟರಿಗೆ ಬಂದು, ಓದಿ ಮುಗಿಸಿದ ಎರಡು ಪುಸ್ತಕ ವಾಪಸ್ ಕೊಟ್ಟು, ತಾವು ಸತ್ತಿಲ್ಲವೆಂದು ತಿಳಿಸಿದರು.

ಪುಸ್ತಕಕ್ಕೆ ಮೊಹರು ಒತ್ತುತ್ತಿದ್ದ ಗ್ರಂಥಪಾಲಕಿ ತಲೆಯೆತ್ತಿದರು. ಹದಿನೇಳು ವರ್ಷಗಳಲ್ಲಿ ಆ ಕೌಂಟರಿನಲ್ಲಿ ಅವರು ಬಗೆಬಗೆಯ ದೂರು ಕೇಳಿದ್ದರು. ಫ್ಯಾನು ಕಿರುಗುಟ್ಟುತ್ತದೆ, ಪತ್ತೇದಾರಿ ಕಾದಂಬರಿಯ ಕೊನೆಯ ಹಾಳೆ ಹರಿದಿದೆ, ಪತ್ರಿಕೆಯ ಪದಬಂಧವನ್ನು ಯಾರೋ ಬೆಳಿಗ್ಗೆಯೇ ತುಂಬಿಬಿಟ್ಟಿದ್ದಾರೆ, ಅದೂ ತಪ್ಪು ತಪ್ಪಾಗಿ. ಇದು ಹೊಸದು.

“ಯಾರಮ್ಮ ಹಾಗೆ ಹೇಳಿದ್ದು?”

“ನಿಮ್ಮ ಗೋಡೆ,” ಎಂದರು ಹೆಂಗಸು. “ಎಡಗಡೆಯಿಂದ ಒಂಬತ್ತನೇದು.”

ವಾಚನಾಲಯದ ಉದ್ದನೆಯ ಗೋಡೆಯ ಮೇಲೆ ಭಾನುವಾರದಿಂದ ಊರಿನ ಇತಿಹಾಸದ ಪ್ರದರ್ಶನ ನಡೆಯುತ್ತಿತ್ತು. ಹಳೆಯ ನಕ್ಷೆಗಳು, ಮುಚ್ಚಿಹೋದ ಚಿತ್ರಮಂದಿರದ ಟಿಕೆಟುಗಳು, ಒಂದೇ ಪುಟದಲ್ಲಿ ಮುಗಿದುಹೋಗುವ ಊರಿನ ಮೊದಲ ಟೆಲಿಫೋನ್ ಪಟ್ಟಿ, ಇವುಗಳ ಜೊತೆ ಮೂವತ್ತೊಂದು ಮನೆತನಗಳ ವಂಶವೃಕ್ಷಗಳನ್ನು ತೂಗುಹಾಕಲಾಗಿತ್ತು. ಎರಡು ತಿಂಗಳ ಹಿಂದೆ ಗ್ರಂಥಾಲಯ ಊರವರಿಗೆ ನಮೂನೆಗಳನ್ನು ಹಂಚಿ, ಮನೆಯವರ ವಿವರ ತುಂಬಿ, ಹಳೆಯ ಫೋಟೊಗಳ ಸಮೇತ ಕೊಡಬೇಕೆಂದು ಕೇಳಿಕೊಂಡಿತ್ತು. ಮೊದಲ ದಿನವೇ ನಾನೂರ ಹನ್ನೆರಡು ಮಂದಿ ಬಂದು ತಮ್ಮ ತಾತ, ಮುತ್ತಾತಂದಿರನ್ನು ಬೆರಳಿಟ್ಟು ತೋರಿಸಿ ಗಾಜನ್ನೆಲ್ಲ ಮಬ್ಬು ಮಾಡಿ ಹೋಗಿದ್ದರು.

ಒಂಬತ್ತನೆಯದು ಗಡಿಯಾರ ರಿಪೇರಿಯವರ ಮನೆತನ. ಅದರ ಮೂರನೆಯ ಸಾಲಿನ ಬಲತುದಿಯಲ್ಲಿ ಅಂಗೈಯಗಲದ ಒಂದು ಫೋಟೊ. ಟೈಪ್‌ರೈಟರ್ ಮುಂದೆ ಕೂತ ಹತ್ತೊಂಬತ್ತು ವರ್ಷದ ಹುಡುಗಿ. ಕೈಯಲ್ಲಿ ಗಂಡಸರ ವಾಚು. ವಾಚು ದೊಡ್ಡದಾದ್ದರಿಂದ ಅದನ್ನು ಮೊಣಕೈವರೆಗೂ ಏರಿಸಿಕೊಂಡಿದ್ದಾಳೆ. ಫೋಟೊದ ಕೆಳಗಿನ ಬಿಳಿ ಚೀಟಿಯಲ್ಲಿ ಮುತ್ತು ಪೋಣಿಸಿದಂಥ ಅಕ್ಷರಗಳು: ‘ದಿವಂಗತ ಟೈಪಿಸ್ಟ್ ಅತ್ತೆ’.

ಗ್ರಂಥಪಾಲಕಿ ಫೋಟೊ ನೋಡಿದರು, ಹೆಂಗಸನ್ನು ನೋಡಿದರು. ಗಲ್ಲದ ಗುಳಿ ಎರಡರಲ್ಲೂ ಇತ್ತು. ಈ ಹೆಂಗಸಿನ ಸದಸ್ಯತ್ವದ ಕಾರ್ಡು ಮೂರು ವರ್ಷದಿಂದ ಕೌಂಟರಿನ ಡ್ರಾಯರಿನಲ್ಲಿತ್ತು. ಅದೇ ಹೆಸರು ಮೂರು ದಿನದಿಂದ ಗೋಡೆಯ ಮೇಲಿತ್ತು. ಎರಡನ್ನೂ ಯಾರೂ ಹೋಲಿಸಿ ನೋಡಿರಲಿಲ್ಲ.

ಅವರು ಕ್ಷಮೆ ಕೇಳಿ, ಐದೇ ನಿಮಿಷದಲ್ಲಿ ಚೀಟಿ ಬದಲಿಸುವುದಾಗಿ ಹೇಳಿ ಕೈ ಚಾಚಿದರು. ಹೆಂಗಸು ತಡೆದರು.

“ಬದಲಾಯಿಸೋದು ಆಮೇಲೆ. ಇದನ್ನ ಬರೆದೋರು ಯಾರು, ಬರೆಸಿದೋರು ಯಾರು, ಅದು ಹೇಳಿ ನಂಗೆ.”

ಕಾರಣವನ್ನು ಅವರು ನಿಂತಲ್ಲೇ, ಉಕ್ತಲೇಖನ ಕೊಡುವವರ ಹಾಗೆ ತಡೆತಡೆದು ಹೇಳಿದರು. ಅಪ್ಪ ಅಮ್ಮ ಬೇಗ ತೀರಿಕೊಂಡಿದ್ದರು. ಆರು ವರ್ಷ ದೊಡ್ಡವನಾದ ಅಣ್ಣನೇ ಸಾಕಿದ್ದ, ಟೈಪಿಂಗ್ ಕಲಿಸಿದ್ದ. ಇಪ್ಪತ್ತೇಳನೆಯ ವಯಸ್ಸಿನಲ್ಲಿ ಇವರಿಗೆ ರೈಲಿನಲ್ಲಿ ಎಂಟು ಗಂಟೆ ದೂರದ ಊರಿಗೆ ಕಚೇರಿ ಟೈಪಿಸ್ಟ್ ಕೆಲಸದ ಆದೇಶ ಬಂತು. ಅಣ್ಣ ಬೇಡವೆಂದ. ಇವರು ಹೋಗುತ್ತೇನೆಂದರು. ಮಾತಿಗೆ ಮಾತು ಬೆಳೆಯಿತು. ಹೊಸ್ತಿಲು ದಾಟಿದರೆ ನೀನು ನನ್ನ ಪಾಲಿಗೆ ಸತ್ತ ಹಾಗೆ ಎಂದ. ಇವರು ದಾಟಿದರು. ಅದು ನಲವತ್ತೊಂದು ವರ್ಷದ ಹಿಂದಿನ ಮಾತು. ನಿವೃತ್ತಿಯ ನಂತರ ಮೂರು ವರ್ಷದ ಕೆಳಗೆ ಇದೇ ಊರಿಗೆ ವಾಪಸಾಗಿ ಹಳೆಯ ಬೀದಿಗೆ ಹೋದರೆ, ಅಣ್ಣನ ಅಂಗಡಿಯಿದ್ದ ಜಾಗದಲ್ಲಿ ಔಷಧದ ಅಂಗಡಿಯಿತ್ತು. ರಸ್ತೆ ಅಗಲ ಮಾಡಿದಾಗ ಅವರು ಎಲ್ಲಿಗೋ ಹೋದರು ಎಂದಷ್ಟೇ ಅಲ್ಲಿಯವರಿಗೆ ಗೊತ್ತಿತ್ತು.

“ಕೋಪದಲ್ಲಿ ಅಂದಿದ್ದು ಬೇರೆ. ಕೂತ್ಕೊಂಡು, ನಿಧಾನವಾಗಿ, ಚೀಟಿ ಮೇಲೆ ಬರೆಸೋದು ಬೇರೆ. ಅಣ್ಣ ಬರೆಸಿದ್ದಾದ್ರೆ ಅದು ಹಾಗೇ ಇರ್ಲಿ. ನಾನು ಮನೆಗೆ ಹೋಗ್ತೀನಿ.”

ಚೀಟಿ ಬರೆದವರು ಯಾರೆಂದು ಹುಡುಕಬೇಕಿರಲಿಲ್ಲ. ಅವರು ಹದಿನೈದು ಅಡಿ ದೂರದಲ್ಲಿ, ಹೊಸ ಪತ್ರಿಕೆಗಳ ಮೇಜಿನ ಬಳಿ, ಕೆಂಪು ಪೆನ್ಸಿಲು ಹಿಡಿದು ಗ್ರಂಥಾಲಯದ್ದೇ ಪತ್ರಿಕೆಯಲ್ಲಿ ತಪ್ಪು ಗುರುತಿಸುತ್ತಿದ್ದರು. ಹಾಗೆ ಮಾಡಬಾರದೆಂದು ಅವರಿಗೆ ಹೇಳಿ ಹೇಳಿ ಗ್ರಂಥಪಾಲಕಿ ಸೋತಿದ್ದರು. ಊರಿನಲ್ಲಿ ಅವರಿಗೆ ಕೊಂಬಿನ ಮೇಷ್ಟ್ರು ಎಂದು ಹೆಸರು. ಪಾಠ ಹೇಳಿದವರಲ್ಲ, ಮೂವತ್ತೆಂಟು ವರ್ಷ ದಿನಪತ್ರಿಕೆಯೊಂದರಲ್ಲಿ ಕರಡು ತಿದ್ದಿದವರು. ದಿನಕ್ಕೆ ಹತ್ತು ಸಲ “ಇಲ್ಲಿ ಕೊಂಬು ಎಲ್ಲಪ್ಪಾ?” ಎಂದು ಅಚ್ಚುಕೂಟದ ಕಡೆ ಕೂಗುತ್ತಿದ್ದರು. ನಿವೃತ್ತರಾದ ಮೇಲೆ ಮೇಷ್ಟ್ರಿಗೆ ಕೊಂಬು ಬಂದಿದೆ ಎಂದು ಹೊಸಬರು ಗೊಣಗಿದರೆ, ಹುಟ್ಟುವಾಗಲೇ ಇತ್ತು ಎಂದು ಹಳಬರು ಹೇಳುತ್ತಿದ್ದರು.

ಪ್ರದರ್ಶನದ ಫೋಟೊ ಚೀಟಿಗಳನ್ನೆಲ್ಲ ಬರೆದವರು ಅವರೇ. ಗ್ರಂಥಪಾಲಕಿ ನಮೂನೆ ನೋಡಿ ವಂಶವೃಕ್ಷದ ಗೆರೆ, ಹೆಸರು ಹಾಕಬೇಕು. ಮೇಷ್ಟ್ರು ಫೋಟೊದ ಬೆನ್ನು ನೋಡಿ ಚೀಟಿ ಬರೆಯಬೇಕು. ಕೆಲಸ ಹಾಗೆ ಹಂಚಿಕೆಯಾಗಿತ್ತು. ಮೇಷ್ಟ್ರು ಒಂದು ಷರತ್ತನ್ನೂ ಹಾಕಿದ್ದರು: ಮೊಟಕು ಮಾಡಿದ ಪದ ಒಂದೂ ಗೋಡೆ ಹತ್ತಬಾರದು, ಎಲ್ಲವನ್ನೂ ಬಿಡಿಸಿ ಬರೆಯಬೇಕು.

ದೂರು ಕೇಳಿ ಅವರು ಕನ್ನಡಕ ತೆಗೆದು ಒರೆಸಿದರು. ತಾವು ಬರೆದದ್ದು ನಿಜ, ಆದರೆ ತಾವಾಗಿ ಯಾರನ್ನೂ ಸಾಯಿಸಿಲ್ಲ, ಮೂಲದಲ್ಲಿ ಏನಿತ್ತೋ ಅದನ್ನೇ ಬರೆದದ್ದು ಎಂದರು. ಮೂಲದಲ್ಲಿ ‘ದಿ.’ ಎಂದು ಸ್ಪಷ್ಟವಾಗಿತ್ತು. ‘ದಿ.’ ಎಂದರೆ ದಿವಂಗತ. ಅದನ್ನು ಬಿಡಿಸಿ ಬರೆದದ್ದು ಬಿಟ್ಟರೆ ತಮ್ಮದೇನೂ ಇಲ್ಲ.

“ಮೂವತ್ತೆಂಟು ವರ್ಷದಲ್ಲಿ ನಾನು ಬದುಕಿರೋರನ್ನ ಸಾಯಿಸಿದ್ದು ಒಂದೂ ಇಲ್ಲಮ್ಮ. ವರದಿಗಾರರು ಸಾಯಿಸಿ ತಂದೋರನ್ನ ನಾನೇ ಬದುಕಿಸಿದ್ದೀನಿ, ಮೂರು ಜನ.”

ಹೆಂಗಸಿನ ಮುಖ ಇನ್ನಷ್ಟು ಇಳಿಯಿತು. ಮೂಲದಲ್ಲಿತ್ತೆಂದರೆ ಮನೆಯವರೇ ಬರೆದದ್ದು ಎಂದಾಯಿತು. ಅವರು ಕೈಚೀಲವನ್ನು ಹೆಗಲಿಗೇರಿಸಿಕೊಂಡರು. ಆದರೂ ಕಣ್ಣಾರೆ ನೋಡಿಯೇ ಹೋಗುತ್ತೇನೆಂದರು.

ಗ್ರಂಥಪಾಲಕಿ ಗಾಜು ತೆಗೆದು, ನಾಲ್ಕು ಮೂಲೆಗಳ ಕಾಗದದ ಹಿಡಿಕೆಯಿಂದ ಫೋಟೊ ಬಿಡಿಸಿ, ತಿರುವಿ ಮೇಜಿನ ಮೇಲಿಟ್ಟರು. ಹಳದಿ ಬಣ್ಣಕ್ಕೆ ತಿರುಗಿದ ಬೆನ್ನಿನ ಮಧ್ಯೆ ಒಂದೇ ಸಾಲು: ‘ದಿ. ಟೈಪಿಸ್ಟ್ ಅತ್ತೆ’. ಮೇಷ್ಟ್ರು ನೋಡಿದಿರಾ ಎಂಬಂತೆ ಕೈ ತೋರಿಸಿದರು.

ಹೆಂಗಸು ಮುಟ್ಟದೆ ಬಹಳ ಹೊತ್ತು ನೋಡಿದರು. ಅಣ್ಣನ ಅಕ್ಷರವಲ್ಲ, ಅತ್ತೆ ಎಂದಿರುವುದರಿಂದ ಅವನ ಮಗಳದ್ದಿರಬೇಕು, ತಾನು ಹೊರಟಾಗ ಅವಳಿಗೆ ನಾಲ್ಕು ವರ್ಷ ಎಂದರು. ಆಮೇಲೆ ಫೋಟೊವನ್ನು ಎತ್ತಿಕೊಂಡು ಕಿಟಕಿಯ ಬಳಿ ಹೋಗಿ, ಬಿಸಿಲಿಗೆ ಓರೆಯಾಗಿ ಹಿಡಿದರು. ಅವರು ಮೂವತ್ತಮೂರು ವರ್ಷ ಸರ್ಕಾರಿ ನಮೂನೆಗಳ ಚುಕ್ಕಿಗೆರೆಯ ಮೇಲೆ ಟೈಪ್ ಮಾಡಿದವರು. ಗೆರೆಯಿಂದ ಅಕ್ಷರ ಕೂದಲಷ್ಟು ಮೇಲೆ ಹೋದರೂ ಅವರ ಕಣ್ಣಿಗೆ ಬೀಳುತ್ತಿತ್ತು.

“ಮೇಷ್ಟ್ರೇ,” ಎಂದರು ಅಲ್ಲಿಂದಲೇ. “ಸತ್ತೋರ ಹೆಸರಿನ ಕೆಳಗೆ ಯಾರಾದ್ರೂ ಚುಕ್ಕಿಗೆರೆ ಹಾಕ್ತಾರಾ?”

ಮೇಷ್ಟ್ರು ಎದ್ದು ಹೋಗಿ ನೋಡಿದರು. ‘ಟೈಪಿಸ್ಟ್ ಅತ್ತೆ’ ಎಂಬ ನೀಲಿ ಶಾಯಿಯ ಕೆಳಗೆ ಸಾಲಾಗಿ ಹನ್ನೊಂದು ಚುಕ್ಕಿಗಳಿದ್ದವು. ಅವು ನೀಲಿಯಲ್ಲ, ಮಾಸಿದ ನೇರಳೆ. ‘ದಿ.’ ಕೂಡ ನೇರಳೆಯೇ. ಅದರ ಮೇಲೆ ಇನ್ನೊಂದು ಸಾಲು ಇದ್ದದ್ದರ ನೆರಳಿತ್ತು, ಓದಲು ಬರುತ್ತಿರಲಿಲ್ಲ.

ಅವರು ನೇರ ಹದಿನಾಲ್ಕನೆಯ ವಂಶವೃಕ್ಷಕ್ಕೆ ನಡೆದರು. ಅದು ಬೇಕರಿಯವರದು, ಅದೇ ಕಾಲದ್ದು. ಅಲ್ಲಿಂದ ಒಂದು ಫೋಟೊ ಬಿಡಿಸಿ ತಂದು ಇದರ ಪಕ್ಕಕ್ಕಿಟ್ಟರು. ಅದರ ಬೆನ್ನಿನ ಮೊಹರು ಮಾಸಿರಲಿಲ್ಲ. ಮೇಲೆ ಬಸ್ ನಿಲ್ದಾಣದ ಎದುರಿನ ಫೋಟೊ ಸ್ಟುಡಿಯೊದ ಹೆಸರು, ಕೆಳಗೆ ‘ದಿ.’, ಅದರ ಮುಂದೆ ಚುಕ್ಕಿಗೆರೆ, ಗೆರೆಯ ಮೇಲೆ ತಾರೀಖು. ಸ್ಟುಡಿಯೊದವರು ಫೋಟೊ ತೆಗೆದ ದಿನವನ್ನು ಅಲ್ಲಿ ಬರೆಯುತ್ತಿದ್ದರು. ಟೈಪಿಸ್ಟ್ ಅತ್ತೆಯ ಫೋಟೊಗೆ ಬರೆಯುವುದನ್ನು ಮರೆತಿದ್ದರು. ನಲವತ್ತೊಂಬತ್ತು ವರ್ಷ ಖಾಲಿ ಬಿದ್ದಿದ್ದ ಆ ಜಾಗ ಹೆಸರು ಬರೆಯುವುದಕ್ಕೆಂದು ತಿಳಿದು, ಎರಡು ತಿಂಗಳ ಹಿಂದೆ ಯಾರೋ ಹೆಸರು ತುಂಬಿದ್ದರು.

‘ದಿ.’ ಎಂದರೆ ದಿನಾಂಕ.

ಕೊಂಬಿನ ಮೇಷ್ಟ್ರು ಕುರ್ಚಿ ಎಳೆದುಕೊಂಡು ಕೂತರು. ಕಿವಿಯವರೆಗೂ ಕೆಂಪಾಗಿದ್ದರು.

“ತಪ್ಪು ನಂದು,” ಎಂದರು. ಆ ಎರಡು ಪದಗಳನ್ನು ಅವರ ಬಾಯಿಂದ ಗ್ರಂಥಪಾಲಕಿ ಕೇಳಿದ್ದು ಅದೇ ಮೊದಲು. ಬೆನ್ನಿಗೇ ಮೇಷ್ಟ್ರು ಸೇರಿಸಿದರು: “ಅದಕ್ಕೇ ನಾನು ಹೇಳೋದು, ಪದ ಮೊಟಕು ಮಾಡಬಾರದು ಅಂತ.”

ಹೆಂಗಸು ನಗಲಿಲ್ಲ. ಮೊಹರಿನ ವಿಷಯ ಮೊಹರಿಗೆ ಸರಿಹೋಯಿತು, ಅಣ್ಣನ ಮಾತಿನ ವಿಷಯ ಇದ್ದಲ್ಲೇ ಇದೆ ಎಂದರು. ಮಗಳು ಹೆಸರು ಬರೆದಳು, ಸರಿ. ಅವನು ಏನಂದ? ಅದು ಈ ಫೋಟೊದಿಂದ ಗೊತ್ತಾಗುವುದಿಲ್ಲ.

ಗ್ರಂಥಪಾಲಕಿಗೆ ನಮೂನೆಗಳ ನೆನಪಾಯಿತು. ಬೀರು ತೆಗೆದು, ಒಂಬತ್ತನೆಯ ಮನೆತನದ ಕಡತ ತಂದು ಬಿಚ್ಚಿದರು. ಒಂದೊಂದು ಸಾಲಿನಲ್ಲಿ ಒಬ್ಬೊಬ್ಬರಂತೆ ಹದಿನಾಲ್ಕು ಮಂದಿ. ಹೆಸರು, ಸಂಬಂಧ, ಕಸುಬು, ನಂತರ ‘ಇದ್ದಾರೆ / ಇಲ್ಲ’ ಎಂದು ಅಚ್ಚಾದ ಕಲಂ, ಅನ್ವಯಿಸದ್ದನ್ನು ಹೊಡೆದುಹಾಕಬೇಕು. ಕೊನೆಗೆ ವಿಳಾಸ. ಹದಿಮೂರು ಸಾಲುಗಳನ್ನು ದುಂಡನೆಯ ಅಕ್ಷರದಲ್ಲಿ ಒಬ್ಬರೇ ತುಂಬಿದ್ದರು. ಇವರ ಹೆಸರಿದ್ದ ಸಾಲಿನ ಅಕ್ಷರ ಮಾತ್ರ ಬೇರೆ. ಇರುವೆ ಸಾಲಿನಂತೆ ಸಣ್ಣದು, ನೆಟ್ಟಗಿನದು. ರಿಪೇರಿಗೆ ಬಂದ ವಾಚಿಗೆ ಕಟ್ಟುವ ಬೆರಳಗಲದ ಚೀಟಿಯ ಮೇಲೆ ಬರೆದು ಬರೆದು ಆದ ಅಕ್ಷರ.

ಆ ಸಾಲಿನಲ್ಲಿ ‘ಇಲ್ಲ’ ಎಂಬುದನ್ನು ಒಂದಲ್ಲ, ಮೂರು ಸಲ ಹೊಡೆದುಹಾಕಲಾಗಿತ್ತು. ಕಾಗದ ತೂತಾಗುವುದೊಂದು ಬಾಕಿ. ‘ಇದ್ದಾರೆ’ ಎಂಬುದನ್ನೂ ಹಾಗೇ ಬಿಟ್ಟಿರಲಿಲ್ಲ. ಕೊನೆಯ ‘ರೆ’ಯನ್ನು ಮಾತ್ರ ಹೊಡೆದು, ನೆತ್ತಿಯ ಮೇಲೆ ‘ಳೆ’ ಬರೆಯಲಾಗಿತ್ತು.

ಇದ್ದಾಳೆ.

ಪಕ್ಕದ ವಿಳಾಸದ ಕಲಮಿನಲ್ಲಿ: ‘ಗೊತ್ತಿಲ್ಲ. ಹುಡುಕುತ್ತಿದ್ದೇವೆ.’

ಮೇಷ್ಟ್ರು ಬಗ್ಗಿ ನೋಡಿ, ತಿದ್ದುವ ಕ್ರಮ ಸರಿಯಾಗಿದೆ ಎಂದಷ್ಟೇ ಹೇಳಿದರು. ಟೈಪಿಸ್ಟ್ ಅತ್ತೆ ಕೈಚೀಲ ಕೆಳಗಿಟ್ಟರು. ಅವರನ್ನು ಏಕವಚನದಲ್ಲಿ ಕರೆಯುವ ಹಕ್ಕಿರುವ ಮನುಷ್ಯ ಭೂಮಿಯ ಮೇಲೆ ಒಬ್ಬನೇ ಉಳಿದಿದ್ದ. ಅವರು ‘ಳೆ’ಯ ಮೇಲೆ ಬೆರಳಿಟ್ಟು, ತೆಗೆದು, ಮತ್ತೆ ಇಟ್ಟರು.

“ಸಾಲು ತಪ್ಪಿದೆ,” ಎಂದರು. “ಅಕ್ಷರ ಗೆರೆ ಬಿಟ್ಟು ಮೇಲಕ್ಕೆ ಹೋಗಿದೆ.” ಆಮೇಲೆ ಅವರು ಅತ್ತರು, ಅಳುತ್ತಲೇ ನಗತೊಡಗಿದರು. ಎದುರಿನ ಮೇಜಿನಲ್ಲಿ ಪದಬಂಧ ತುಂಬುತ್ತಿದ್ದವರೊಬ್ಬರು ಪತ್ರಿಕೆ ಸಮೇತ ಬೇರೆ ಕಡೆ ಎದ್ದುಹೋದರು.

ಹತ್ತು ಐವತ್ತಕ್ಕೆ ಗ್ರಂಥಪಾಲಕಿ ನಮೂನೆಯಲ್ಲಿದ್ದ ನಂಬರಿಗೆ ಫೋನ್ ಮಾಡಿದರು. ಅದು ಗಡಿಯಾರದವರ ಮಗಳದ್ದು. ಆಕೆ ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುತ್ತಿದ್ದರು, ಆಗಲೂ ಕಲಿಸುತ್ತಲೇ ಇದ್ದರು. ವಿಷಯ ಕೇಳಿದ ಮೇಲೆ ಆ ಕಡೆಯಿಂದ ಮೊದಲು ಬಂದದ್ದು ಬ್ರೇಕಿನ ಕೀರಲು ಸದ್ದು. ನಂತರ, ನಿಮಗಲ್ಲ, ನೀವು ಓಡಿಸ್ತಾ ಇರಿ ಎಂದು ಯಾರಿಗೋ ಹೇಳಿದ್ದು. ನಂತರ, ಅತ್ತೆಯನ್ನು ಎಲ್ಲಿಗೂ ಬಿಡಬೇಡಿ, ಬೇಕಾದರೆ ಬಾಗಿಲು ಹಾಕಿ ಎಂಬ ಅಪ್ಪಣೆ.

ಹನ್ನೊಂದು ಕಾಲಿಗೆ ನೆತ್ತಿಯ ಮೇಲೆ ‘ಕಲಿಕೆ’ ಫಲಕ ಹೊತ್ತ ಕಾರೊಂದು ಗ್ರಂಥಾಲಯದ ಮುಂದೆ, ಒಂದು ಚಕ್ರ ಕಾಲುದಾರಿಯ ಮೇಲೆ ಹತ್ತಿಸಿ ನಿಂತಿತು. ಓಡಿಸುತ್ತಿದ್ದವರು ಒಬ್ಬ ದಂತವೈದ್ಯೆ. ಅದು ಅವರ ಮೂರನೆಯ ಪಾಠ. ಹಿಂದಿನ ಸೀಟಿನಿಂದ ಎಪ್ಪತ್ತನಾಲ್ಕು ವರ್ಷದ ಗಡಿಯಾರದವರು ಇಳಿದರು. ಅಂಗಡಿಯಿಂದ ಹಾಗೇ ಎಬ್ಬಿಸಿ ತಂದಿದ್ದರಿಂದ ಒಂದು ಕಣ್ಣಿನ ಮಸೂರ ಇನ್ನೂ ಹಣೆಯ ಮೇಲಿತ್ತು. ಕೈಯಲ್ಲಿ ಯಾರದೋ ವಾಚಿತ್ತು.

ಅವರು ವಾಚನಾಲಯದ ಬಾಗಿಲಲ್ಲಿ ನಿಂತರು. ತಂಗಿ ಮೇಜಿನ ಬಳಿ ಎದ್ದುನಿಂತರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಹಿಂದೆಯೇ ಬಂದ ಮಗಳು ಪಕ್ಕಕ್ಕೆ ಸರಿದರು.

“ಏನೇ ಟಕಟಕ,” ಎಂದರು ಗಡಿಯಾರದವರು. ಅದು ತಂಗಿ ಟೈಪಿಂಗ್ ಕಲಿಯುವಾಗ ಇಟ್ಟ ಅಡ್ಡಹೆಸರು. “ಕನ್ನಡಕ ಯಾವಾಗ ಬಂತು?”

“ನಿನ್ನ ಕೂದಲು ಹೋದ ವರ್ಷವೇ ಇರಬೇಕು,” ಎಂದರು ತಂಗಿ.

ಗಡಿಯಾರದವರು ಬೋಳುತಲೆ ಸವರಿಕೊಂಡರು. ಅಲ್ಲಿಗೆ ಹೇಳಬೇಕೆಂದು ಬಂದ ಮಾತು ಮರೆತುಹೋಯಿತೋ ಏನೋ, ಹತ್ತಿರ ಹೋಗಿ ತಂಗಿಯ ಮಣಿಕಟ್ಟು ಹಿಡಿದು, ಅಲ್ಲಿದ್ದ ವಾಚನ್ನು ಕಿವಿಗಿಟ್ಟುಕೊಂಡರು. ಅದರ ಟಿಕ್ ಟಿಕ್ ಕೇಳಿಸಿಕೊಂಡ ಮೇಲೆ ಹೇಳಿದರು:

“ನಾನು ಅಂದಿದ್ದು ಅಂದೆ. ಎರಡನೇ ವರ್ಷವೇ ನಿನ್ನ ಆಫೀಸಿಗೆ ಕಾಗದ ಬರೆದೆ. ಆಫೀಸು ಸ್ಥಳಾಂತರ ಆಗಿದೆ ಅಂತ ವಾಪಸ್ ಬಂತು. ಎರಡು ಸಲ. ಅದೂ ಇದೆ ಮನೇಲಿ, ಬೇಕಾದ್ರೆ ತೋರಿಸ್ತೀನಿ.”

“ನೀನು ಬರೆದಿದ್ದು ಓದಿದೆ ಬಿಡಣ್ಣ,” ಎಂದರು ತಂಗಿ, ನಮೂನೆ ತೋರಿಸಿ. “ಒಂದೇ ಅಕ್ಷರ. ಸಾಕು.”

ಮಗಳಿಗೆ ಅತ್ತೆಯ ಮುಖ ನೆನಪಿರಲಿಲ್ಲ. ಮಧ್ಯಾಹ್ನ ಮಲಗಿದಾಗ ಪಕ್ಕದ ಕೋಣೆಯಿಂದ ಬರುತ್ತಿದ್ದ ಟೈಪಿನ ಸದ್ದು ನೆನಪಿತ್ತು. ಪ್ರದರ್ಶನಕ್ಕೆ ನಮೂನೆ ತುಂಬಿದ್ದೇ ಅತ್ತೆಯನ್ನು ಬಲ್ಲವರು ಯಾರಾದರೂ ನೋಡಿಯಾರು ಎಂಬ ಆಸೆಯಿಂದ. ಪ್ರದರ್ಶನ ನೋಡಲು ಅಪ್ಪನನ್ನು ಶನಿವಾರ ಕರೆತರುವುದೆಂದಿತ್ತು. ತಂದಿದ್ದರೆ ಚೀಟಿ ನೋಡಿ ಅಪ್ಪ ಗ್ರಂಥಾಲಯವನ್ನೇ ಬಿಚ್ಚಿ ರಿಪೇರಿಗೆ ಹರಡುತ್ತಿದ್ದರು ಎಂದು ಆಕೆ ಹೇಳಿದಾಗ ಕೊಂಬಿನ ಮೇಷ್ಟ್ರು ನೆಲ ನೋಡಿದರು. ತಪ್ಪೊಪ್ಪಿಕೊಂಡದ್ದು ಅವರೇ. ಗಡಿಯಾರದವರು ಮಸೂರವನ್ನು ಕಣ್ಣಿಗೆ ಇಳಿಸಿಕೊಂಡು ಅವರನ್ನೊಮ್ಮೆ ಪರೀಕ್ಷಿಸಿ, ನೀವು ಹಾಗೆ ಬರೆಯದಿದ್ದರೆ ಇವಳು ಕೌಂಟರಿಗೆ ಬಂದು ಜಗಳ ಆಡುತ್ತಿರಲಿಲ್ಲ, ಫೋಟೊ ನೋಡಿ ಮೂಗು ಒರೆಸಿಕೊಂಡು ಮನೆಗೆ ಹೋಗುತ್ತಿದ್ದಳು ಎಂದರು. ಅದು ಸರಿಯೆಂದು ತಂಗಿ ಒಪ್ಪಿದರು.

ಉಳಿದದ್ದು ಚುಕ್ಕಿಗೆರೆ. ಅಲ್ಲಿ ತಾರೀಖು ತುಂಬಿಬಿಟ್ಟರೆ ಇನ್ನು ಯಾರೂ ತಪ್ಪು ಓದುವುದಿಲ್ಲವೆಂದು ಮೇಷ್ಟ್ರು ಪೆನ್ನು ಮುಂದೆ ಹಿಡಿದರು. ಟೈಪಿಂಗ್ ಪರೀಕ್ಷೆಯ ಪ್ರಮಾಣಪತ್ರ ಕೈಗೆ ಬಂದ ದಿನವೇ ಫೋಟೊ ತೆಗೆಸಿದ್ದು, ಫೆಬ್ರುವರಿ ಹದಿನಾಲ್ಕು ಎಂದರು ತಂಗಿ. ಹದಿನೈದು ಎಂದರು ಅಣ್ಣ. ತನ್ನ ವಾಚನ್ನು ಬಿಚ್ಚಿ ತಂಗಿಯ ಕೈಗೆ ಕಟ್ಟಿದ್ದರಿಂದ ಆ ದಿನ ಒಬ್ಬ ಗಿರಾಕಿಗೆ ಸಮಯ ತಪ್ಪು ಹೇಳಿದ್ದು ತನಗೆ ಚೆನ್ನಾಗಿ ನೆನಪಿದೆ ಎಂದರು. ತಂಗಿ ಗಿರಾಕಿಯನ್ನು ಅಲ್ಲಗಳೆದರು. ನಲವತ್ತೊಂದು ವರ್ಷ ಮಾತಿಲ್ಲದೆ ಇದ್ದವರು ಇಪ್ಪತ್ತು ನಿಮಿಷ ಒಂದು ದಿನದ ಮೇಲೆ ವಾದ ಮಾಡಿದರು. ಮೌನ ಕಾಪಾಡಿ ಎಂಬ ಫಲಕ ಅವರ ತಲೆಯ ಮೇಲೇ ಇತ್ತು. ಗ್ರಂಥಪಾಲಕಿ ಅವರನ್ನು ತಡೆಯಲಿಲ್ಲ. ಹೊರಗೆ ಕಾದಿದ್ದ ದಂತವೈದ್ಯೆಯನ್ನೂ ಒಳಗೆ ಕರೆದು ಎಲ್ಲರಿಗೂ ಚಹಾ ತರಿಸಿದರು. ಕೊನೆಗೆ ಮೇಷ್ಟ್ರು, ಆಧಾರ ಸಿಗುವವರೆಗೆ ಗೆರೆ ಖಾಲಿ ಇರಲಿ, ಇನ್ನೊಂದು ತಪ್ಪು ಹೊರಲು ತಮ್ಮಲ್ಲಿ ಶಕ್ತಿಯಿಲ್ಲ ಎಂದು ತೀರ್ಪು ಕೊಟ್ಟರು. ಪ್ರಮಾಣಪತ್ರ ತಂಗಿಯ ಮನೆಯಲ್ಲಿತ್ತು. ಅಣ್ಣ ಈಗಲೇ ನೋಡಬೇಕೆಂದರು. ನಾಲ್ವರೂ ಅದೇ ಕಾರಿನಲ್ಲಿ ಹೊರಟರು, ಓಡಿಸಿದ್ದು ದಂತವೈದ್ಯೆಯೇ.

ಮಧ್ಯಾಹ್ನವಿಡೀ ಕೂತು ಮೇಷ್ಟ್ರು ಗೋಡೆಯ ಮೇಲಿನ ಉಳಿದ ನಲವತ್ತಾರು ದಿವಂಗತರನ್ನು ಒಬ್ಬೊಬ್ಬರಾಗಿ ನಮೂನೆಯೊಂದಿಗೆ ತಾಳೆ ನೋಡಿದರು. ನಲವತ್ತೈದು ಸರಿಯಿದ್ದವು. ನಲವತ್ತಾರನೆಯವರು ಬೇಕರಿಯವರ ದೊಡ್ಡಪ್ಪ. ಸಂಜೆ ಐದಕ್ಕೆ ಬೇಕರಿಗೆ ಹೋಗಿ ಮೇಷ್ಟ್ರು ಅವರ ಕೈಯಿಂದಲೇ ಬನ್ನು ತಿಂದು, ಕ್ಷಮೆ ಕೇಳಿ ಬಂದರು.

ಬುಧವಾರ ಬೆಳಿಗ್ಗೆ ಅಣ್ಣ ತಂಗಿ ಇಬ್ಬರೂ ಗ್ರಂಥಾಲಯಕ್ಕೆ ಬಂದರು. ಪ್ರಮಾಣಪತ್ರದಲ್ಲಿ ಹದಿನಾಲ್ಕು ಎಂದೇ ಇತ್ತು. ಅದನ್ನು ಟೈಪ್ ಮಾಡಿದವರು ತಪ್ಪಿರಬಹುದು ಎಂದು ಅಣ್ಣ ಹೇಳಿದರೂ ತಂಗಿ ಕಿವಿಗೆ ಹಾಕಿಕೊಳ್ಳದೆ ಫೋಟೊದ ಬೆನ್ನಿನ ಹೆಸರನ್ನು ಹೊಡೆದುಹಾಕಿ, ‘ದಿ.’ ಮುಂದೆ ತಾರೀಖು ಬರೆದರು. ಅಕ್ಷರ ಚುಕ್ಕಿಗೆರೆಗೆ ಸರಿಯಾಗಿ ಕೂತಿತು. ಹೊಸ ಚೀಟಿಯನ್ನು ಮೇಷ್ಟ್ರು ಬರೆದು, ಮೂವರಿಗೂ ಓದಿ ಹೇಳಿ, ಗೋಡೆಗೆ ಹಚ್ಚಿದರು.

ಗಡಿಯಾರದವರು ನಮೂನೆ ಕೇಳಿ ಪಡೆದರು. ವಿಳಾಸದ ಕಲಮಿನ ‘ಗೊತ್ತಿಲ್ಲ. ಹುಡುಕುತ್ತಿದ್ದೇವೆ’ ಎಂಬುದನ್ನು ಒಂದೇ ಗೆರೆಯಲ್ಲಿ ಹೊಡೆದು, ಅದರ ಪಕ್ಕ ಸಣ್ಣ ಅಕ್ಷರದಲ್ಲಿ ಬರೆದರು: ‘ಸೇತುವೆಯ ಆಚೆ, ಹಳದಿ ಕಟ್ಟಡ, ನಾಲ್ಕನೇ ಮಹಡಿ. ಲಿಫ್ಟ್ ಇಲ್ಲ.’